ಸಿಂಧಘಟ್ಟಕ್ಕೆ ಓಡಿದ ಅಣ್ಣ

ನಾನು ಚಿಕ್ಕವನಿದ್ದಾಗ, ಮಕ್ಕಳೇ, ನಮ್ಮೂರಲ್ಲಿ ಯಾರಾದರೂ ಸತ್ತರೆ ಜನ ಮೊದಲು ಹುಡುಕುತ್ತಿದ್ದುದು ನನ್ನ ಅಣ್ಣನನ್ನು. ಪಾಂಡವಪುರ ದಾಟಿ ಒಳಗಿದ್ದ ಊರು ನಮ್ಮದು, ದಿನಕ್ಕೆ ಒಂದೇ ಬಸ್ಸು. ಹೆಣ್ಣುಮಕ್ಕಳು ಬಂದು ಮುಖ ನೋಡದೆ ಹೆಣ ಎತ್ತುವಂತಿರಲಿಲ್ಲ. ಅವರನ್ನು ಕೊಟ್ಟ ಊರಿಗೆ ಸುದ್ದಿ ಮುಟ್ಟಿಸಲು ಅಣ್ಣನಷ್ಟು ಬೇಗ ಓಡುವವರು ಇರಲಿಲ್ಲ.

ಅಣ್ಣನಿಗೆ ಓಟವೆಂದರೆ ಪ್ರಾಣ. ಕೀನ್ಯಾ ದೇಶದ ಓಟಗಾರನೊಬ್ಬನ ಚಿತ್ರವನ್ನು ಪೇಪರಿನಿಂದ ಕತ್ತರಿಸಿ, ರಾಗಿ ಗಂಜಿ ಸವರಿ ಕೊಟ್ಟಿಗೆಯ ಬಾಗಿಲಿಗೆ ಅಂಟಿಸಿದ್ದ. ಆತ ಹುಡುಗನಾಗಿದ್ದಾಗ ಬರಿಗಾಲಲ್ಲಿ ಮೈಲಿಗಟ್ಟಲೆ ಓಡಿ ಸ್ಕೂಲಿಗೆ ಹೋಗುತ್ತಿದ್ದನಂತೆ, ದೊಡ್ಡವನಾಗಿ ದೇಶದೇಶ ಸುತ್ತಿ ಪದಕ ಗೆದ್ದನಂತೆ. ಹಾಲು ಕರೆಯುವಾಗಲೂ ಅಣ್ಣನಿಗೆ ಅದೇ ಮಾತು. ನಮ್ಮ ಎಮ್ಮೆಗಳಿಗೂ ಆ ಕಥೆ ಬಾಯಿಪಾಠವಾಗಿತ್ತು ಅನ್ನಿ.

ಆ ವರ್ಷ ಶ್ರೀರಂಗಪಟ್ಟಣದ ಕೋಟೆಯಿಂದ ಮೈಸೂರಿಗೆ ಓಟದ ಪಂದ್ಯ ಇಟ್ಟಿದ್ದರು. ಗೆದ್ದವನನ್ನು ಬೆಂಗಳೂರಿಗೆ ಕರೆದೊಯ್ದು ತರಬೇತಿ ಕೊಡುತ್ತಾರೆಂದು ಮೇಷ್ಟ್ರು ಹೇಳಿದ್ದರು. ಮುಂದಿನ ವರ್ಷಕ್ಕೆ ಅಣ್ಣನ ವಯಸ್ಸು ಮೀರುತ್ತಿತ್ತು. ಅಕ್ಕ ಅವನ ಬನಿಯನ್ ಒಗೆದು, ನೀಲಿ ಹಾಕಿ ಒಣಗಿಸಿದ್ದಳು.

ಪಂದ್ಯದ ದಿನ ಬೆಳಿಗ್ಗೆಯೇ ಎದುರುಮನೆ ಅಜ್ಜಿ ತೀರಿಕೊಂಡಳು. ಗಂಡುಮಕ್ಕಳಿಲ್ಲದ ಮುದುಕಿ, ಒಬ್ಬಳೇ ಮಗಳು ಸಿಂಧಘಟ್ಟದಲ್ಲಿ. ಬೀದಿಯ ಗಂಡಸರು ಬಿದಿರು, ಸೌದೆ ಹೊಂದಿಸಲು ಹೊರಟರು. ಗಾಳಿಯಲ್ಲಿ ಊದುಬತ್ತಿಯ ಹೊಗೆ ಕಟ್ಟಿತ್ತು. ಅಣ್ಣ ಬನಿಯನ್ ತೊಟ್ಟು ಬಸ್ಸಿಗೆ ಹೊರಟು ನಿಂತಿದ್ದ.

ಅಪ್ಪ ಜಗಲಿಗೆ ಬಂದು ನಮ್ಮಿಬ್ಬರನ್ನೂ ನೋಡಿ ಕೇಳಿದರು, "ಸಿಂಧಘಟ್ಟಕ್ಕೆ ಯಾರ್ಲಾ ಓಯ್ತೀರಿ?"

ನನಗೆ ಹನ್ನೆರಡು ತುಂಬಿತ್ತು. ಅಪ್ಪನ ಸೈಕಲ್ಲನ್ನು ಒಳಪೆಡಲು ಹೊಡೆದು ಓಡಿಸುತ್ತಿದ್ದೆ, ಹತ್ತು ಮೈಲಿ ನನಗೆ ಕಷ್ಟವಿರಲಿಲ್ಲ. ಅಣ್ಣ ನನ್ನ ಕಡೆ ನೋಡಿದ. ಅವನು ಏನು ಕೇಳುತ್ತಿದ್ದಾನೆಂದು ನನಗೆ ಚೆನ್ನಾಗಿ ಗೊತ್ತಾಯಿತು. ಆದರೆ ಆ ಮಗಳ ಮುಂದೆ ನಿಂತು ನಿನ್ನ ಅವ್ವ ಸತ್ತಳು ಎಂದು ಹೇಳುವುದನ್ನು ನೆನೆದೇ ನಾನು ಹೆದರಿದೆ. ಕಂಬದ ಹಿಂದಕ್ಕೆ ಸರಿದುಕೊಂಡೆ.

"ಬುಡಪ್ಪ, ನಾನೇ ಓಯ್ತೀನಿ," ಅಂದ ಅಣ್ಣ. "ಅವ್ನಿನ್ನೂ ಚಿಕ್ಕೋನು, ಎದ್ರುಕೋತಾನೆ."

ಸಾವಿನ ಸುದ್ದಿ ಒಯ್ದವನು ಆ ಮನೆಯಲ್ಲಿ ನೀರನ್ನೂ ಮುಟ್ಟುವಂತಿರಲಿಲ್ಲ. ಹೊಸ್ತಿಲಾಚೆ ನಿಂತು ಹೇಳಿ ತಿರುಗಬೇಕು. ಅಣ್ಣನಿಗೆ ಸೈಕಲ್ ಹೊಡೆಯಲು ಬರುತ್ತಿರಲಿಲ್ಲ. ಅವನು ಓಡಿ ಹೋಗಿ ಓಡಿಯೇ ಬಂದಾಗ ಬಿಸಿಲು ನೆತ್ತಿಗೇರಿತ್ತು. ಅಂಗಾಲು ಒಡೆದು, ಸಾರಿಸಿದ ಅಂಗಳದ ಮೇಲೆ ರಕ್ತದ ಗುರುತು ಬಿತ್ತು. ಅಕ್ಕ ಕೊಟ್ಟ ನೀರನ್ನು ಗಟಗಟ ಕುಡಿದು, "ಇಷ್ಟೊತ್ಗೆ ಓಟ ಮುಗ್ದಿರ್ತದೆ," ಅಂದ. ಸಂಜೆ ಮಗಳು ಗಾಡಿಯಲ್ಲಿ ಬಂದು ತಾಯಿಯ ಮುಖ ನೋಡಿದಳು. ಚಟ್ಟಕ್ಕೆ ಅಣ್ಣನೂ ಹೆಗಲು ಕೊಟ್ಟ.

ಆಮೇಲೆ ಅಣ್ಣ ಓಡಿದ್ದೆಲ್ಲ ಸಾವಿನ ಸುದ್ದಿ ಹೊತ್ತೇ. ಕೆ.ಆರ್. ಪೇಟೆ, ನಾಗಮಂಗಲ, ಬಾಬುರಾಯನಕೊಪ್ಪಲು, ಮಂಡಿ ಸವೆಯುವ ತನಕ. ಬಾಗಿಲ ಮೇಲಿನ ಚಿತ್ರವನ್ನು ಹುಳು ತಿಂದವು. ಅವನು ಅದನ್ನು ಕೀಳಲಿಲ್ಲ, ಅದರ ಮಾತನ್ನೂ ಮತ್ತೆ ಎತ್ತಲಿಲ್ಲ. ನನ್ನನ್ನು ಒಂದು ದಿನವೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನೀವೀಗ ಬಣ್ಣಬಣ್ಣದ ಶೂ ಹಾಕಿಕೊಂಡು ಮೈಸೂರಿಗೆ ಓಡಲು ಹೋಗುತ್ತೀರಿ. ದಾರಿಯುದ್ದಕ್ಕೂ ನೀರು ಕೊಡುತ್ತಾರೆ, ಓಡಿದವರಿಗೆಲ್ಲ ಪದಕ ಹಾಕುತ್ತಾರೆ. ನನಗೆ ಅದು ಸಂತೋಷವೇ. ಹೋದ ವರ್ಷ ಅಣ್ಣ ತೀರಿಕೊಂಡಾಗ ನೀವು ಮೊಬೈಲ್ ಒತ್ತಿದಿರಿ. ನಾನು ಕಣ್ಣು ಒರೆಸಿಕೊಳ್ಳುವಷ್ಟರಲ್ಲಿ ನಂಟರಿಗೆಲ್ಲ ಸುದ್ದಿ ಮುಟ್ಟಿತ್ತು, ಯಾರೂ ಓಡಬೇಕಾಗಲಿಲ್ಲ. ಆ ಬೆಳಿಗ್ಗೆ ಕಂಬದ ಹಿಂದಿನಿಂದ "ನಾನು ಓಯ್ತೀನಿ" ಅನ್ನಲು ನನಗೆ ಅಷ್ಟು ಹೊತ್ತೂ ಬೇಕಿರಲಿಲ್ಲ. ನಾನು ಅನ್ನಲಿಲ್ಲ.