ಪೆಡಲಿನ ಹೊರಗಿನ ಅರ್ಧ

ನಂದು ಒಂದೇ ಸೈಕಲ್ ಅದರಿ. ಸೋಮವಾರದಿಂದ ಶನಿವಾರ ತನಕ ನೌಬಾದದಿಂದ ಚೌಬಾರಾ ಕಡಿ ಝೆರಾಕ್ಸ್ ಅಂಗಡಿ ಕೆಲಸಕ್ಕ ಅದೇ, ಕಾಲಾಗ ಚಪ್ಪಲಿ. ರವಿವಾರ ಬಂತಂದ್ರ ಭಾಲ್ಕಿ, ಔರಾದ, ಎಲ್ಲಿ ತನಕ ದಮ್ಮಿರ್ತದ ಅಲ್ಲಿ ತನಕ, ಅದಕ್ಕೂ ಅದೇ. ಗೇರು, ಬ್ರೇಕು ಯಾವುದನ್ನೂ ಯಾರೂ ಕಲಿಸಿಲ್ಲ ನಂಗ. ಫೋನಿನ್ಯಾಗ ನೋಡೋದು, ಬಿಚ್ಚೋದು, ಕೆಡಸೋದು, ಆಮ್ಯಾಲ ಚಾಚಾನ ಅಂಗಡಿಗಿ ಓಡೋದು. ಚಾಚಾ ಅಂದ್ರ ನಮ್ಮ ಓಣಿ ಸೈಕಲ್ ಮಿಸ್ತ್ರಿ.

ಹೋದ ವರ್ಷ ಮಳಿಗಾಲ ಮುಗಿದಮ್ಯಾಲ ನಂಗ ಕ್ಲೀಟ್ ಶೂದ ಹುಚ್ಚು ಹಿಡೀತು. ಆ ಶೂದ ತಳಕ್ಕ ಒಂದು ಕಬ್ಬಿಣದ ತುಣಕ ಇರ್ತದ, ಅದು ಪೆಡಲಿನ ಬಾಯಾಗ ಟಕ್ಕಂತ ಕೂಡ್ತದ. ಕಾಲು ಜಾರಂಗಿಲ್ಲ, ಮ್ಯಾಲ ಎಳದ್ರೂ ಸೈಕಲ್ ಮುಂದ ಹೋಗ್ತದ. ಹಿಮ್ಮಡ ಹೊರಗ ತಿರುವಿದ್ರ ಬಿಡ್ತದ. ಎರಡೂ ಬದಿ ಬಾಯಿ ಇದ್ದ ಸಣ್ಣ ಪೆಡಲ್ ತರಿಸ್ದೆ.

ಅದೇ ವಾರ ಔರಾದದಿಂದ ಅಕ್ಕನ ಫೋನ್. ಅಕ್ಕ ಲಗ್ನಾಗಿ ಅಲ್ಲಿಗಿ ಹೋಗಿ ಆರು ವರ್ಷ ಆತು.

"ಈ ಸಲ ಸೈಕಲ್ ಮ್ಯಾಲೇ ಬಾ ತಮ್ಮಾ. ನಾನೂ ಒಂದ್ ರೌಂಡ್ ಹೊಡಿತೇನಿ. ಲಗ್ನಾದಮ್ಯಾಲ ಸೈಕಲ್ ಮುಟ್ಟೇ ಇಲ್ಲ ನಾ."

ನಂಗ ಸೈಕಲ್ ಹೊಡಿಯೋದು ಕಲಿಸಿದಾಕಿನೇ ಆಕಿ. ಹೋಗ್ಲಾರದ ಇರ್ತೇನೇನು?

ಚಾಚಾ ಹೊಸ ಪೆಡಲ್ ಕೂಡಿಸಿದ್ರು. ಗ್ವಾಡಿ ಹಿಡಕೊಂಡು ಸೀಟ್ ಮ್ಯಾಲ ಕುಂತು ಶೂ ಒತ್ತತೇನಿ, ಒತ್ತತೇನಿ, ಟಕ್ ಅನ್ನವಲ್ದು. ಹತ್ತು ಸಲ ಆತು. ಚಾಚಾ ಬೀಡಿ ಇಳಿಸಿ ನನ್ನ ಕಾಲು ನೋಡಿದ್ರು.

"ಅರೇ ಮಿಯಾ, ಪಾಂವ್ ಅಷ್ಟು ಹೊರಗ ಯಾಕ ಇಡ್ತಿ? ಒಳಗ ಅರ್ಧಾ ಜಾಗಾ ಯಾರಿಗಿ ಖಾಲಿ ಬಿಟ್ಟೀದಿ?"

"ಯಾರಿಗಿಲ್ರಿ ಚಾಚಾ."

"ಹಂಗಂದ್ರ ಒಳಗ ಸರಿ. ಬಾಡಗಿಗಿ ಕಿರಾಯಿದಾರ ಯಾರೂ ಬರಂಗಿಲ್ಲ ಅಲ್ಲಿ."

ನಕ್ಕೆ. ಒಳಗ ಸರದೆ, ಟಕ್ ಅಂತು. ಆದ್ರ ಮನಿಗಿ ಹೋಗ್ವಾಗ ಹೊಳೀತ್ರಿ, ಯಾರಿಗಿ ಬಿಟ್ಟಿದ್ದೆ ಅಂತ.

ಭಾಲ್ಕಿ ಹೊರಗ ಖಟಕ ಚಿಂಚೋಳಿ ರೋಡಿಗಿ ನಮ್ಮ ಮನಿ ಇತ್ತು, ಸಾಲಿ ಭಾಲ್ಕ್ಯಾಗ. ಇಬ್ಬರಿಗೂ ಸೇರಿ ಅಪ್ಪಾರ ಕರಿ ಸೈಕಲ್ ಒಂದೇ. ಅಕ್ಕ ಸೀಟ್ ಮ್ಯಾಲ, ನಾ ಕ್ಯಾರಿಯರ್ ಮ್ಯಾಲ, ಇಬ್ಬರ ದಪ್ತರ ನನ್ನ ಬೆನ್ನಿಗಿ. ಸಂಜೀಕ ಮನಿಗಿ ಬರ್ವಾಗ ಎದುರು ಗಾಳಿ, ಅದ್ರಾಗ ಏರು ಬ್ಯಾರೆ. ಏರು ಬಂತಂದ್ರ ಅಕ್ಕ "ಹಾಕೋ" ಅಂತಿದ್ಳು. ನಾ ಹಿಂದಿಂದ ಕಾಲು ಚಾಚಿ ಆಕಿ ಕಾಲಿನ ಬಾಜೂಕ ಅದೇ ಪೆಡಲ್ ಮ್ಯಾಲ ಇಡ್ತಿದ್ದೆ. ಅಗಲ ರಬ್ಬರಿನ ಪೆಡಲ್. ಒಳಗಿನ ಅರ್ಧ ಆಕಿದು, ಹೊರಗಿನ ಅರ್ಧ ನಂದು.

"ಏ, ನನ್ನ ಬೆರಳ ತುಳದಿ!"

"ನೀನೇ ನನ್ನ ಕಡಿ ಬಂದಿ."

"ನೆಟ್ಟಗ ತುಳಿ, ಇಲ್ಲಾಂದ್ರ ಇಳದು ನಡಿ."

ಒಂದಿನ ಅಪ್ಪ ಸೈಕಲ್ ತಿರುವಿ ಹಾಕಿ ನೋಡಿದ್ರು. "ಹೊರಗಿನ ರಬ್ಬರ್ ಸವದದ, ಒಳಗಿಂದು ಅಷ್ಟು ಸವದಿಲ್ಲ. ಯಾರ್ ದುಡದಾರ, ಯಾರ್ ಸುಮ್ ಕುಂತಾರ, ತಿಳೀತು ಬಿಡ್ರಿ." ಅಕ್ಕ ಎರಡು ದಿನ ನನ್ನ ಕೂಡ ಮಾತಾಡ್ಲಿಲ್ಲ. ಆ ಎರಡು ದಿನ ಏರಿಗೂ "ಹಾಕೋ" ಅನ್ಲಿಲ್ಲ, ಒಬ್ಬಾಕಿನೇ ಏದುಸಿರು ಬಿಟ್ಕೋತ ತುಳದ್ಳು.

ಹೊಸ ಪೆಡಲ್ ಹಾಕ್ಕೊಂಡು ಅಂಗಡಿಗಿ ಹೋಗೋದು ಮಾತ್ರ ಕಷ್ಟಾತು. ಚಪ್ಪಲಿ ಕಾಲಿಗಿ ಅದು ಗುಂಡಕಲ್ಲು ಇದ್ದಂಗರಿ, ಚೌಬಾರಾ ಗದ್ದಲದಾಗ ಎರಡು ಸಲ ಜಾರೀತು. ರೂಢಿ ಆಗ್ತದ ಅಂತ ನಂಗ ನಾನೇ ಹೇಳ್ಕೊಂಡೆ. ಅಕ್ಕನೂ ಚಪ್ಪಲಿ ಹಾಕ್ಕೊಂಡೇ ಹೊಡಿಯಾಕಿ ಅನ್ನೋದು ತಲ್ಯಾಗ ಬರಲೇ ಇಲ್ಲ.

ರವಿವಾರ ಔರಾದಕ್ಕ ಹೋದೆ. ಸಂತಪುರ ದಾಟಿದ್ದೇ ಗೊತ್ತಾಗ್ಲಿಲ್ಲ, ಕಾಲು ಪೆಡಲಿಗಿ ಅಂಟಕೊಂಡು ಹಂಗ ಹೊಂಟಿತ್ತು. ಅಕ್ಕ ಸೆರಗು ಸಿಗಿಸಿ ಬಾಗಲದಾಗೇ ನಿಂತಿದ್ಳು. ನೀರು ಸೈತ ಕೇಳ್ಲಿಲ್ಲ, "ಕೊಡು ಇಲ್ಲಿ" ಅಂದ್ಳು. ಒಂದು ತುಳದ್ಳು, ಎರಡು ತುಳದ್ಳು. ಮೂರನೇದಕ್ಕ ಚಪ್ಪಲಿ ಜಾರಿ ಪೆಡಲ್ ತಿರುಗಿ ಮೊಣಕಾಲ ಕೆಳಗ ಬಡೀತು. ಕಟ್ಟಿ ಮ್ಯಾಲ ಕುಂತು ಕಾಲು ತಿಕ್ಕೊಂಡ್ಳು.

"ನಗಬ್ಯಾಡ."

"ನಗ್ಲತ್ತಿಲ್ಲಕ್ಕ."

ಆಕಿನೂ ನಗ್ಲಿಲ್ಲ. ಸೈಕಲ್ ನನ್ನ ಕೈಗಿ ಕೊಟ್ಟು, "ಇದು ನಿನ್ನೊಬ್ಬಂದೇ ಸೈಕಲ್ ಆತು ಬಿಡು. ಬಾ, ಚಾ ಕುಡಿ" ಅಂದ್ಳು.

ವಾಪಸ್ ಬರೋ ದಾರಿ ತುಂಬ ತಲ್ಯಾಗ ಪೆಡಲೇ ತಿರುಗ್ಲತ್ತಿತ್ತು. ಪೂರಾ ಸಪಾಟ್ ಹಾಕಿದ್ರ ಶೂ ಮೂಲಿಗಿ. ನಡುವ ಬಾಯಿ, ಸುತ್ತ ಕಟ್ಟು ಇದ್ದದ್ದು ಒಂದು ಬರ್ತದ, ಚಪ್ಪಲಿಗಿ ಆ ನಡುವಿನ ಉಬ್ಬು ಚುಚ್ತದ. ಒಂದು ಬದಿ ಸಪಾಟ್, ಒಂದು ಬದಿ ಬಾಯಿ, ಅದೂ ಸಿಗ್ತದ. ಫೋನಿನ್ಯಾಗ ಎಲ್ಲರೂ ಅದಕ್ಕ ಬೈತಾರ: ಪ್ರತೀ ಸಲ ಹೊಂಡ್ವಾಗ ಯಾವ ಬದಿ ಮ್ಯಾಲ ಅದ ಅಂತ ಕಾಲಿಂದ ಹುಡುಕ್ಬೇಕು. ಹುಡುಕಿದ್ರಾತು. ಅದನ್ನೇ ತರಿಸ್ದೆ.

"ಮತ್ತ ಬದಲಾ?" ಅಂದ್ರು ಚಾಚಾ. "ಮಿಯಾ, ಪೆಡಲ್ ಬದಲಸ್ತಿ ಇಲ್ಲ ಪಾಂವ್ ಬದಲಸ್ತಿ, ಒಂದು ಖರೇ ಮಾಡ್ಕೋ."

"ಅಕ್ಕ ಹೊಡೀಬೇಕ್ರಿ ಚಾಚಾ. ಹೋದ ಸಲ ಕಾಲಿಗಿ ಬಡಕೊಂಡ್ಳು."

ಚಾಚಾ ಪೆಡಲ್ ಕೂಡಿಸಿದ್ರು. ಸಪಾಟ್ ಬದಿಗಿ ಹಿಡಿತಕ್ಕ ಸಣ್ಣ ಸಣ್ಣ ಚೂಪು ಮೊಳಿ ಇದ್ವು. ಅಂಚಿನವು ನಾಕು ಬಿಚ್ಚಿ ನನ್ನ ಅಂಗೈಯಾಗ ಹಾಕಿದ್ರು. "ಸೀರಿ ಹರೀತಾವ."

ಮೂರು ವಾರ ಬಿಟ್ಟು ಮತ್ತ ಔರಾದ. ಅಕ್ಕ ಸೈಕಲ್ ಕಡಿ ನೋಡ್ಲೇ ಇಲ್ಲ.

"ಬ್ಯಾಡ, ಮಂದಿ ನೋಡ್ತಾರ."

"ಹೋದ ಸಲ ನೋಡಿದ್ದಿಲ್ಲೇನು?"

"ನೋಡಿದ್ರು, ಅದಕ್ಕೇ ಬ್ಯಾಡ."

ಕುಂತು ಕೈಯಿಂದ ಪೆಡಲ್ ತಿರುವಿ ಸಪಾಟ್ ಬದಿ ಮ್ಯಾಲ ಮಾಡಿ ಹಿಡದೆ. "ಇಲ್ನೋಡು, ಚಪ್ಪಲಿ ಬದಿ." ಬಗ್ಗಿ ನೋಡಿದ್ಳು, ಬೆರಳಿಂದ ಒತ್ತಿ ನೋಡಿದ್ಳು. ಆಮ್ಯಾಲ ಸೆರಗು ಸಿಗಿಸಿದ್ಳು.

ಮೊದಲ ಅತ್ತಿತ್ತ ಹೊಯ್ದಾಡ್ತು. "ಹಿಡೀಬ್ಯಾಡ ಲೇ, ಬಿಡು!" ಅಂತ ನಂಗೇ ಒದರಿದ್ಳು. ಓಣಿ ತಿರುವಿನ ತನಕ ಹೋಗಿ ಕಣ್ಮರಿ ಆದ್ಳು. ನಾ ಕ್ಲೀಟ್ ಶೂನ್ಯಾಗ ಫರಸಿ ಕಲ್ಲಿನ ಮ್ಯಾಲ ಟಕ್ ಟಕ್ ಅನಕೋತ ಅಡ್ಡಾಡಿದೆ, ಬರವಲ್ಳು, ಬರವಲ್ಳು. ಎಷ್ಟೋ ಹೊತ್ತಿಗಿ ಬ್ಯಾರೆ ಓಣಿಲಿಂದ ಗಂಟಿ ಹೊಡಕೋತ ಬಂದ್ಳು. ಮಾರಿ ಕೆಂಪಾಗಿತ್ತು.

ನಾ ನೋಡಿದ್ದು ಕಾಲು. ಚಪ್ಪಲಿ ಒಳಗ ಒತ್ತಿ ಇಟ್ಟಿದ್ಳು. ಹೊರಗಿನ ಅರ್ಧ ಖಾಲಿ.

"ಅಕ್ಕಾ, ಕಾಲು ನಡುವ ಇಡು."

ಬಗ್ಗಿ ತನ್ನ ಕಾಲು ತಾನೇ ನೋಡ್ಕೊಂಡ್ಳು. ಆಮ್ಯಾಲ ಹಿಂದ ತಿರುಗಿ, ಸೀಟಿನ ಹಿಂದ ಏನೂ ಇಲ್ಲದ್ದು ನೋಡಿ, "ಇದಕ್ಕ ಕ್ಯಾರಿಯರ್ ಯಾಕ ಹಾಕಿಸಿಲ್ಲ ಲೇ?" ಅಂದ್ಳು. ಮತ್ತ ಇನ್ನೊಂದು ರೌಂಡಿಗಿ ಹೊಂಟಳು.