ಓಣಿ ಬದಿಯ ಕಿಟಕಿ

ಮೊನ್ನೆ ಗುರುವಾರ ಕುಮಟಾ ಬಸ್‌ಸ್ಟ್ಯಾಂಡಿನಲ್ಲಿ ಪಕ್ಕದಲ್ಲಿ ಕುಳಿತಿದ್ದ ಮುದುಕರೊಬ್ಬರು ನಶ್ಯದ ಡಬ್ಬಿ ತೆರೆದರು. ಎದ್ದು ದೂರ ಹೋಗಿ ನಿಂತೆ. ಆ ಘಾಟಿಗೆ ಬೇರೆಯವರಿಗೆ ಸೀನು ಬರುತ್ತದೆ, ನನಗೆ ಸಿಟ್ಟು ಬರುತ್ತದೆ. ಹೊನ್ನಾವರದ ನಮ್ಮ ಸಹಕಾರಿ ಬ್ಯಾಂಕಿನ ಅಧ್ಯಕ್ಷರು ನಶ್ಯ ಏರಿಸುತ್ತಿದ್ದರು...

ಬ್ಯಾಂಕು ಶುರುವಾದದ್ದು ಅವರ ತಂದೆಯ ಕಾಲದಲ್ಲಿ, ಅವರದೇ ಮನೆಯ ಜಗಲಿಯಲ್ಲಿ. ನನಗೆ ಬುದ್ಧಿ ತಿಳಿಯುವ ಹೊತ್ತಿಗೆ ಅದಕ್ಕೆ ಪೇಟೆಯಲ್ಲಿ ಕಟ್ಟಡವಿತ್ತು. ಭಟ್ಕಳ ಶಾಖೆಯಲ್ಲಿ ಅವರ ತಮ್ಮ, ಕುಮಟಾ ಶಾಖೆಯಲ್ಲಿ ಅಳಿಯ. ಬೋರ್ಡಿನಲ್ಲಿ ಮಾತ್ರ ಊರಿನ ಹೆಸರು.

ಅಮ್ಮ ಮೀನು ಮಾರುತ್ತಿದ್ದಳು. ಮಾರಿ ಮುಗಿಸಿ ಉಳಿತಾಯದ ಹಣ ಕಟ್ಟಲು ಬರುವ ಮೀನಿನ ಹೆಂಗಸರನ್ನು ಅಧ್ಯಕ್ಷರು ಒಳಗೆ ಬಿಡುತ್ತಿರಲಿಲ್ಲ. ಓಣಿ ಬದಿಯ ಕಿಟಕಿಯೇ ಅವರಿಗೆ ಬ್ಯಾಂಕು. ಒದ್ದೆ ನೋಟುಗಳನ್ನು ಕಿಟಕಿಯ ಕಲ್ಲಿನ ಮೇಲೆ ಹರಡಬೇಕು. ಅವು ಒಣಗುವವರೆಗೆ ಕಾಯಬೇಕು.

"ಹೋಯ್, ಅಲ್ಲೇ ನಿಲ್ರೆ. ಪುಸ್ತಕಕ್ಕೆಲ್ಲ ವಾಸನೆ ಹತ್ತತದೆ."

"ವಾಸನೆ ನೋಟಿಗೂ ಉಂಟಲ್ಲ ಒಡೆಯಾ, ಅದ್ನ ಎಂತಕ್ಕೆ ಒಳಗೆ ತಕಂತ್ರಿ?" ಎಂದು ಅಮ್ಮ ನಗುತ್ತಿದ್ದಳು.

ನಾನು ನಗಲಿಲ್ಲ. ಸಂಜೆ ಶಾಲೆಯಿಂದ ಬಂದು ಅಮ್ಮನನ್ನು ಕೇಳಿ, ಅವಳು ಅಲ್ಲಿ ನಿಂತ ಒಂದೊಂದು ದಿನಕ್ಕೂ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ತಾರೀಖು ಹಾಕಿ ಗೀಟು ಎಳೆಯುತ್ತಿದ್ದೆ. ಮಳೆಯಲ್ಲಿ ನಿಂತ ದಿನವಾದರೆ ಪಕ್ಕದಲ್ಲೊಂದು ಚುಕ್ಕೆ. ಹತ್ತನೇ ತರಗತಿಗೆ ಬರುವಾಗ ಇನ್ನೂರ ಹನ್ನೆರಡು ಗೀಟು, ನಲವತ್ತೇಳು ಚುಕ್ಕೆ.

ಅಧ್ಯಕ್ಷರು ಒಂದು ವಿಷಯ ಮರೆತಿದ್ದರು. ಈ ಹೆಂಗಸರಿಗೆ ಸಾಲ ಕೊಡುವಾಗೆಲ್ಲ ನಿಯಮದಂತೆ ಒಂದು ಷೇರಿನ ಹಣ ಮುರಿದುಕೊಂಡು ರಸೀದಿ ಕೊಟ್ಟಿದ್ದರು. ಅಂದರೆ ಅವರೆಲ್ಲ ಬ್ಯಾಂಕಿನ ಸದಸ್ಯರು, ತಲೆಗೊಂದು ಮತ. ಆದರೆ ವಾರ್ಷಿಕ ಸಭೆಯ ನೋಟೀಸು ಅಂಟಿಸುತ್ತಿದ್ದುದು ಒಳಗಿನ ಗೋಡೆಗೆ. ಕಿಟಕಿಯಿಂದ ಅದು ಕಾಣುತ್ತಿರಲಿಲ್ಲ. ಶಾಲೆಯ ಯೂನಿಫಾರ್ಮಿನಲ್ಲಿದ್ದ ನನ್ನನ್ನು ಯಾರೂ ತಡೆಯಲಿಲ್ಲ. ಒಳಗೆ ಹೋಗಿ ನಕಲು ಮಾಡಿಕೊಂಡು ಬಂದೆ. ಆಮೇಲೆ ಮನೆ ಮನೆ ತಿರುಗಿ ರಸೀದಿ ಎಣಿಸಿದೆ. ಅರವತ್ತೊಂದು.

ಅಧ್ಯಕ್ಷರ ಹೆಸರನ್ನೇ ಅವರ ತಮ್ಮ ಸೂಚಿಸಿ, ಅಳಿಯ ಅನುಮೋದಿಸಿ, ಎಲ್ಲರೂ ಅವಲಕ್ಕಿ ತಿಂದು ಏಳುವ ಸಭೆ ಅದು. ಆ ಭಾನುವಾರ ಅರವತ್ತೊಂದು ಹೆಂಗಸರು ಬುಟ್ಟಿ ಸಮೇತ ಬಂದು ಮುಂದೆಯೇ ಕುಳಿತರು.

"ನಿಮ್ಗೆಂತ ಕೆಲಸ ಇಲ್ಲಿ?"

"ಕೈ ಎತ್ತೂಕೆ ಬಂದದ್ದು ಒಡೆಯಾ," ಎಂದು ಅಮ್ಮ ರಸೀದಿ ಹಿಡಿದು ತೋರಿಸಿದಳು.

ಅಧ್ಯಕ್ಷರ ಪರ ಎದ್ದ ಕೈ ಮೂವತ್ತೆಂಟು. ನಮ್ಮ ಕಡೆಯಿಂದ ನಿಂತ ಶಾಲಾ ಮಾಸ್ತರರಿಗೆ ಅರವತ್ತೊಂದು. ಬಾಗಿಲಲ್ಲಿ ನಿಂತು ಎರಡು ಸಲ ಎಣಿಸಿದೆ. ಅಧ್ಯಕ್ಷರು ಬೆರಳಿನಲ್ಲಿ ಹಿಡಿದ ನಶ್ಯ ಮೂಗಿನವರೆಗೆ ಹೋಗಲೇ ಇಲ್ಲ...

ಅಷ್ಟಕ್ಕೆ ನನಗೆ ಸಾಕಾಗಲಿಲ್ಲ. ಮೂರು ವರ್ಷದ ಮೇಲೆ ಅದೇ ಬ್ಯಾಂಕಿನಲ್ಲಿ ಗುಮಾಸ್ತೆಯಾದೆ. ಹೆಂಗಸರೆಲ್ಲ ಆಗ ಒಳಗಿನ ಬೆಂಚಿನ ಮೇಲೆ ಕೂರುತ್ತಿದ್ದರು, ಕಿಟಕಿ ಮುಚ್ಚಿತ್ತು. ಒಬ್ಬರಿಗೋಸ್ಕರ ಅದನ್ನು ತೆರೆದೆ. ಹಳೆಯ ಅಧ್ಯಕ್ಷರು ಪಾಸ್‌ಬುಕ್ ಹಿಡಿದು ಬಂದಾಗ ಹೇಳಿದೆ:

"ಒಡೆಯಾ, ಓಣಿ ಕಡೆಯಿಂದ ಬನ್ನಿ. ಪುಸ್ತಕಕ್ಕೆಲ್ಲ ನಶ್ಯದ ವಾಸನೆ ಹತ್ತತದೆ."

ಅವರು ನನ್ನ ಮುಖ ನೋಡಿದರು. ಕೊಡೆ ಊರಿಕೊಂಡು ಓಣಿ ಸುತ್ತಿ ಬಂದು ಕಿಟಕಿಯಾಚೆ ನಿಂತರು. ಹೊಸ ಹಾಳೆಯಲ್ಲಿ ತಾರೀಖು ಹಾಕಿ ಮೊದಲ ಗೀಟು ಎಳೆದೆ.

ಅಮ್ಮನಿಗೆ ಸುದ್ದಿ ಮುಟ್ಟಿತು. "ನಿಂತದ್ದು ನಾನು ಮಾರಾಯ್ತಿ, ಕಾಲು ನೋವು ನಿಂಗೆಂತಕ್ಕೆ? ಮುದುಕರಿಗೆ ಬೆಂಚು ಕೊಡೆ."

ಕೊಡಲಿಲ್ಲ. ಒಂಬತ್ತನೆಯ ಸಲ ಅವರು ಬಂದ ದಿನ ಜೋರು ಮಳೆ, ಚುಕ್ಕೆಯನ್ನೂ ಇಟ್ಟೆ. ಹತ್ತನೆಯ ಸಲ ಆ ಪಾಸ್‌ಬುಕ್ ಹಿಡಿದು ಬಂದದ್ದು ಅವರ ಮಗ. ತಲೆ ಬೋಳಿಸಿಕೊಂಡಿದ್ದ. ಅಪ್ಪನ ಖಾತೆ ಮುಚ್ಚಬೇಕಿತ್ತು ಎಂದ.

ಅಂದು ಮನೆಗೆ ಬಂದು ಅತ್ತೆ. ಮಗಳಿಗೆ ಕಡೆಗೂ ಕರುಣೆ ಬಂತು ಅಂದುಕೊಂಡು ಅಮ್ಮ ತಲೆ ಸವರಿದಳು. ನಾನು ಅತ್ತದ್ದು ಅವರು ನಿಲ್ಲದೆ ಉಳಿದ ಇನ್ನೂರ ಮೂರು ದಿನಕ್ಕೆ.

ಬಸ್‌ಸ್ಟ್ಯಾಂಡಿನ ಮುದುಕರು ಡಬ್ಬಿ ಮುಚ್ಚಿ, "ಎಂತ ಆತು ತಂಗಿ, ಕೂತ್ಕೊ," ಎಂದರು. ನಾನು ಹೊನ್ನಾವರದ ಬಸ್ಸು ಬರುವವರೆಗೂ ನಿಂತೇ ಇದ್ದೆ. ನಿಲ್ಲಿಸಬೇಕಾದವರು ಈಗಿಲ್ಲ... ಕಿಟಕಿಯನ್ನು ಮಾತ್ರ ನಾನು ಇನ್ನೂ ಮುಚ್ಚಿಲ್ಲ.