ಎರಡನೆಯ ಎಲೆಯ ಉಬ್ಬುಗೆರೆ

ಬೀಗ ರಿಪೇರಿಯವರನ್ನು ಬೀದಿಯವರೆಲ್ಲ ‘ಭೂತಗನ್ನಡಿ’ ಎಂದೇ ಕರೆಯುತ್ತಿದ್ದರು. ಬಲಗಣ್ಣಿಗೆ ಸಿಕ್ಕಿಸಿಕೊಂಡ ಮಸೂರವನ್ನು ಅವರು ಊಟಕ್ಕೆ ಕುಳಿತಾಗಲೂ ತೆಗೆಯುತ್ತಿರಲಿಲ್ಲ. ಚಲಾವಣೆ ತಪ್ಪಿದ ತಾಮ್ರದ ಕಾಸುಗಳೆಂದರೆ ಅವರಿಗೆ ಪ್ರಾಣ. ಇಸವಿಯ ಕೆಳಗೆ ಚುಕ್ಕಿಯಿದ್ದರೆ ಒಂದು ಟಂಕಸಾಲೆಯದು, ಇಲ್ಲದಿದ್ದರೆ ಇನ್ನೊಂದರದು. ಒಂಬತ್ತರ ಬಾಲ ಮೊಂಡಾಗಿದ್ದರೆ ಹಳೆಯ ಅಚ್ಚು, ಚೂಪಾಗಿದ್ದರೆ ಹೊಸದು. ಈ ವಿದ್ಯೆ ತಂದೆಯಿಂದ ಬಂದದ್ದು.

ಆ ತಂದೆಯನ್ನು ೧೯೬೧ರ ಆಗಸ್ಟ್ ೧೪, ಸೋಮವಾರ, ಮಧ್ಯಾಹ್ನ ಎರಡೂಕಾಲಿಗೆ, ಇದೇ ಅಂಗಡಿಯಲ್ಲಿ ಯಾರೋ ಕಬ್ಬಿಣದ ಸಲಾಕೆಯಿಂದ ಹೊಡೆದು ಕೊಂದರು. ತಲೆಬುರುಡೆ ಮೂರು ಕಡೆ ಒಡೆದಿತ್ತು. ಬೀಗದ ಕೈಗಳ ರಾಶಿಯ ಮೇಲೆ ರಕ್ತ ಹೆಪ್ಪುಗಟ್ಟಿ, ಒಂದೊಂದನ್ನೂ ಬಿಸಿನೀರಿನಲ್ಲಿ ನೆನೆಸಿ ಬಿಡಿಸಬೇಕಾಯಿತು. ಕಾಸಿನ ಡಬ್ಬಿ ಮಾಯವಾಗಿತ್ತು. ಅದರಲ್ಲಿದ್ದ ೧೯೧೯ರ ಕಾಸೊಂದನ್ನು ಮಗ ಮರೆಯಲಿಲ್ಲ: ಅದರ ಮೇಲೆ ಕೆತ್ತಿದ ಬಳ್ಳಿಯ ಎರಡನೆಯ ಎಲೆಯಿಂದ ಅಂಚಿನವರೆಗೆ ಕೂದಲೆಳೆಯಷ್ಟು ಸಣ್ಣ ಉಬ್ಬುಗೆರೆ. ಆ ಗೆರೆ ಸಿಕ್ಕ ದಿನ ಕೊಲೆಗಾರನೂ ಸಿಕ್ಕಂತೆ ಎಂದು ಹತ್ತು ವರ್ಷ ಐದು ತಿಂಗಳು ಹಲ್ಲು ಕಚ್ಚಿ ಕಾದರು.

೧೯೭೨ರ ಫೆಬ್ರವರಿ ೩, ಗುರುವಾರ, ಎದುರಂಗಡಿಯ ಕ್ಷೌರಿಕ ಒಂದು ಕಾಸನ್ನು ತಂದು ಮೇಜಿನ ಮೇಲಿಟ್ಟ.

“ಅಣ್ಣಾ, ಇದರ ಜಾತಕ ಸ್ವಲ್ಪ ನೋಡಿ.”

ಎರಡನೆಯ ಎಲೆ. ಉಬ್ಬುಗೆರೆ. ಭೂತಗನ್ನಡಿ ತಲೆಯೆತ್ತಿ ಕ್ಷೌರಿಕನನ್ನೇ ದಿಟ್ಟಿಸಿದರು.

“ಎಲ್ಲಿ ಸಿಕ್ತು?”

“ನಮ್ಮಜ್ಜಿ ಸೊಂಟದ ಚೀಲದಲ್ಲಿ. ಅವಳು ಸತ್ತೇ ಇಪ್ಪತ್ತು ವರ್ಷ ಆಯ್ತು. ಯಾಕಣ್ಣಾ, ನಿಮ್ಮ ಮನೆ ಗಂಟು ಕದ್ದೋರನ್ನ ನೋಡೋ ಹಂಗೆ ನೋಡ್ತೀರಾ?”

“ಅಜ್ಜಿ ಚೀಲವಂತೆ, ಬೋಳಿಮಗನೇ! ನಮ್ಮಪ್ಪನ ಡಬ್ಬಿಯ ಕಾಸು ಇದು!”

ಮೇಜಿನ ಮೇಲಿದ್ದ ಕ್ಷೌರಿಕನ ಬಲಗೈಯ ಮಣಿಕಟ್ಟನ್ನು ಒತ್ತಿಹಿಡಿದು ಭೂತಗನ್ನಡಿ ಸುತ್ತಿಗೆ ಎತ್ತಿದರು. ಮೊದಲ ಏಟಿಗೆ ತೋರುಬೆರಳು, ಎರಡನೆಯದಕ್ಕೆ ನಡುಬೆರಳು. ಒಣಕಡ್ಡಿ ಮುರಿದಂಥ ಸದ್ದು. ಮೂರನೆಯದಕ್ಕೆ ಅಂಗೈಯೇ ಅಪ್ಪಚ್ಚಿಯಾಯಿತು. ನಾಲ್ಕನೆಯ ಏಟು ತಲೆಗೆಂದು ಬೀಸಿದ್ದು, ಕ್ಷೌರಿಕ ಕುಸಿದದ್ದರಿಂದ ಕಿವಿಯನ್ನು ಹರಿದುಕೊಂಡು ಹೋಯಿತು. ಬಿದ್ದಲ್ಲಿಂದಲೇ ಅವನು ಕಿವಿ ಒತ್ತಿಹಿಡಿದಿದ್ದ ಎಡಗೈಯನ್ನು ಜೇಬಿಗೆ ತೂರಿಸಿ, ರಕ್ತ ಮೆತ್ತಿದ ಮತ್ತೆರಡು ಕಾಸುಗಳನ್ನು ಮೋರೆಗೆ ಎಸೆದ.

“ಇಂಥವು ಇನ್ನೂ ಎರಡಿವೆಯಲ್ಲೋ, ಪಾಪಿ! ಇವಕ್ಕೂ ನಿಮ್ಮಪ್ಪನೇ ಸತ್ತಿದ್ನಾ?”

ಭೂತಗನ್ನಡಿ ಹೆಕ್ಕಿ ನೋಡಿದರು. ಎರಡರಲ್ಲೂ ಅದೇ ಎಲೆ, ಅದೇ ಗೆರೆ. ಬಿರುಕು ಬಿಟ್ಟದ್ದು ಕಾಸಲ್ಲ, ಟಂಕಸಾಲೆಯ ಅಚ್ಚು. ಆ ಅಚ್ಚಿನಿಂದ ಬಿದ್ದ ಸಾವಿರಾರು ಕಾಸುಗಳಲ್ಲೂ ಆ ಗೆರೆ ಇದ್ದೇ ಇರುತ್ತದೆ. ಬಂದವರಿಗೆಲ್ಲ ಅವರು ಹೇಳುತ್ತಿದ್ದ ಮೊದಲ ಪಾಠವೇ ಅದು. ತಮ್ಮ ಮನೆಯ ಕಾಸೊಂದಕ್ಕೆ ಮಾತ್ರ ಅದನ್ನು ಅನ್ವಯಿಸಿ ನೋಡಿರಲಿಲ್ಲ. ಸುತ್ತಿಗೆ ಕೈಜಾರಿ ಕಾಲಿನ ಮೇಲೆ ಬಿದ್ದದ್ದೂ ಅವರಿಗೆ ತಿಳಿಯಲಿಲ್ಲ.

ವಿಚಾರಣೆ ಮುಗಿದು ಇಪ್ಪತ್ತೆರಡು ತಿಂಗಳ ಸಜೆಯಾಯಿತು. ೧೯೭೪ರ ಏಪ್ರಿಲ್ ೧೯, ಶುಕ್ರವಾರ, ಬಿಡುಗಡೆಯಾದವರು ಮನೆಗೆ ಹೋಗದೆ ನೇರವಾಗಿ ಕ್ಷೌರದಂಗಡಿಗೆ ನಡೆದು, ಕುರ್ಚಿಯಲ್ಲಿ ಕುಳಿತು, ತಾವಾಗಿಯೇ ಕತ್ತನ್ನು ಹಿಂದಕ್ಕೆ ಚೆಲ್ಲಿದರು.

ಕ್ಷೌರಿಕ ಅವರ ಕೊರಳಿಗೆ ಬಿಳಿಯ ಬಟ್ಟೆ ಕಟ್ಟಿದ. ಆಮೇಲೆ ಎಡಗೈಗೆ ಕತ್ತಿ ತೆಗೆದುಕೊಂಡ.

“ಈ ಕೈ ಇನ್ನೂ ಪಳಗಿಲ್ಲ. ಅಲುಗಾಡಿದ್ರೆ ಹೋಗೋದು ನಿನ್ನ ಗಂಟಲು.”

ದವಡೆಯ ಕೆಳಗೆ ಚರ್ಮ ಸೀಳಿ, ಬಿಳಿಯ ಬಟ್ಟೆಯ ಮೇಲೆ ರಕ್ತ ಇಳಿಯಿತು. ಭೂತಗನ್ನಡಿ ಮಿಸುಕಲಿಲ್ಲ.

ತಂದೆಯನ್ನು ಕೊಂದವನು ಕೊನೆಗೂ ಸಿಗಲಿಲ್ಲ. ೧೯೮೯ರಲ್ಲಿ ಸಾಯುವವರೆಗೂ ಭೂತಗನ್ನಡಿ ಪ್ರತಿ ಶುಕ್ರವಾರ ಅದೇ ಕುರ್ಚಿಯಲ್ಲಿ ಕತ್ತು ಚಾಚಿದರು. ಗಾಯವಾಗದ ಶುಕ್ರವಾರ ಒಂದೂ ಇರಲಿಲ್ಲ. ಆ ಎಡಗೈ ಪಳಗಿ ಎಷ್ಟೋ ವರ್ಷಗಳಾಗಿದ್ದವು.